ಐದು ದಿನ ಬಿಡದ ಜ್ವರ, ಕರುಳಿನ ಬ್ಯಾಕ್ಟೀರಿಯಾ ಮತ್ತು ಕವಾಸಾಕಿ ರೋಗ: ಪಾಲಕರಿಗೆ ಹಂತ ಹಂತದ ಮಾರ್ಗದರ್ಶಿ

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯ ಓದುಗರು ಎರಡು ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಮೊದಲನೆಯದು: "ಮಗುವಿಗೆ ಕವಾಸಾಕಿ ರೋಗ ಎಂದಿದ್ದಾರೆ. ಅದು ಕರುಳಿನ ಬ್ಯಾಕ್ಟೀರಿಯಾ ಕೆಟ್ಟು ಬರುತ್ತದೆ ಎಂದು ಓದಿದೆ. ಮೊಸರು ಮತ್ತು ಪ್ರೊಬಯೋಟಿಕ್ ಪುಡಿ ಕೊಟ್ಟರೆ ಗುಣವಾಗುವುದೆ?" ಎರಡನೆಯದು ಇದಕ್ಕೆ ತದ್ವಿರುದ್ಧ: "ಮೊಸರಿನ ಜಾತಿಯ ಬ್ಯಾಕ್ಟೀರಿಯಾದಿಂದಲೇ ಇಲಿಗಳಲ್ಲಿ ಈ ರೋಗ ತರಿಸಿದ್ದಾರಂತೆ. ಮಜ್ಜಿಗೆ ಕೊಡುವುದನ್ನು ನಿಲ್ಲಿಸಿಬಿಡಲೆ?" ಇಬ್ಬರೂ ಓದಿದ್ದರಲ್ಲಿ ಹುರುಳಿದೆ. ಆದರೆ ಗಡಿಯಾರ ನೋಡಬೇಕಾದ ಹೊತ್ತಿನಲ್ಲಿ ಇಬ್ಬರೂ ಮೊಸರಿನ ಗಡಿಗೆ ನೋಡುತ್ತ ಕುಳಿತಂತಾಗಿದೆ. ಈ ರೋಗದಲ್ಲಿ ಜ್ವರ ಬಂದ ದಿನದಿಂದ ಹತ್ತು ದಿನಗಳೊಳಗೆ ಸರಿಯಾದ ಚಿಕಿತ್ಸೆ ಸಿಕ್ಕಿತೆ ಎಂಬುದೇ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಕರುಳಿನ ವಿಚಾರಕ್ಕೆ ಅದರದೇ ಆದ ಜಾಗವಿದೆ. ಅದನ್ನು ಆರನೆಯ ಹಂತದಲ್ಲಿ ವಿವರವಾಗಿ ಹೇಳಿದ್ದೇನೆ.

ಮೊದಲು ರೋಗದ ಪರಿಚಯ. ರಕ್ತನಾಳದ ಗೋಡೆಗೆ ಆಗುವ ಉರಿಯೂತವನ್ನು ವೈದ್ಯರು ವ್ಯಾಸ್ಕುಲೈಟಿಸ್ ಎನ್ನುತ್ತಾರೆ. ಉರಿಯೂತ ಎಂದರೆ ದೇಹದ ರಕ್ಷಣಾ ವ್ಯವಸ್ಥೆ ಕೆರಳಿ, ಆ ಜಾಗ ಕೆಂಪಾಗಿ ಬಾತುಕೊಳ್ಳುವುದು. ಕವಾಸಾಕಿ ರೋಗದಲ್ಲಿ ಮಧ್ಯಮ ಗಾತ್ರದ ಅಪಧಮನಿಗಳು, ಅದರಲ್ಲಿಯೂ ಹೃದಯದ ಸ್ನಾಯುವಿಗೇ ರಕ್ತ ಒದಗಿಸುವ ಕರೋನರಿ ಅಪಧಮನಿಗಳು ಈ ಉರಿಯೂತಕ್ಕೆ ಒಳಗಾಗುತ್ತವೆ. ಗೋಡೆ ದುರ್ಬಲವಾದ ಕಡೆ, ಸೈಕಲ್ಲಿನ ಹಳೆಯ ಟ್ಯೂಬು ಉಬ್ಬಿದಂತೆ ನಾಳವೂ ಉಬ್ಬುತ್ತದೆ. ಈ ಉಬ್ಬಿಗೆ ಅನ್ಯೂರಿಸಂ ಎಂದು ಹೆಸರು. ಉಬ್ಬಿದಲ್ಲಿ ರಕ್ತ ಹೆಪ್ಪುಗಟ್ಟಿದರೆ ಚಿಕ್ಕ ಮಗುವಿಗೂ ಹೃದಯಾಘಾತವಾಗಬಹುದು. ರೋಗಕ್ಕೆ ತುತ್ತಾಗುವವರು ಬಹುತೇಕ ಐದು ವರ್ಷದೊಳಗಿನ ಮಕ್ಕಳು. ಜಪಾನಿನ ಮಕ್ಕಳ ವೈದ್ಯ ತೊಮಿಸಾಕು ಕವಾಸಾಕಿ ಅವರು 1961ರಲ್ಲಿ ಇಂಥ ಮೊದಲ ಮಗುವನ್ನು ಕಂಡು, 1967ರಲ್ಲಿ 50 ಮಕ್ಕಳ ವಿವರಗಳನ್ನು ಪ್ರಕಟಿಸಿದರು. ಹೆಸರು ಬಂದದ್ದು ಹಾಗೆ. ರೋಗದ ಮೂಲ ಕಾರಣ ಇಂದಿಗೂ ನಿರ್ಧಾರವಾಗಿಲ್ಲ. ಇದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ, ಆದ್ದರಿಂದ ಮನೆಯ ಇತರ ಮಕ್ಕಳನ್ನು ದೂರವಿಡುವ ಅಗತ್ಯವಿಲ್ಲ.

ನಿಮ್ಮ ಬಳಿ ಇರಬೇಕಾದದ್ದು ಹೆಚ್ಚೇನಿಲ್ಲ. ಒಂದು ಡಿಜಿಟಲ್ ಥರ್ಮಾಮೀಟರ್, ಒಂದು ನೋಟ್‌ಬುಕ್, ಫೋಟೊ ತೆಗೆಯುವ ಮೊಬೈಲ್, ಲಸಿಕೆಗಳ ದಾಖಲೆಯಿರುವ ತಾಯಿ ಕಾರ್ಡ್, ಇದುವರೆಗಿನ ಎಲ್ಲ ಚೀಟಿಗಳು ಮತ್ತು ರಕ್ತಪರೀಕ್ಷೆಯ ವರದಿಗಳು, ರೇಷನ್ ಕಾರ್ಡ್ ಮತ್ತು ಆಯುಷ್ಮಾನ್ ಕಾರ್ಡ್. ಇವನ್ನೆಲ್ಲ ಒಂದೇ ಚೀಲದಲ್ಲಿಡಿ.

ಹಂತ 1: ಜ್ವರದ ದಿನಗಳನ್ನು ಎಣಿಸಿ, ಬರೆದಿಡಿ

100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕೂ ಹೆಚ್ಚಿನ ಉಷ್ಣತೆ ಮೊದಲು ಕಂಡ ದಿನವೇ ಒಂದನೆಯ ದಿನ. ಡಾಕ್ಟರರ ಬಳಿ ಹೋದ ದಿನದಿಂದಲೋ, ಊರಿನಿಂದ ಹುಬ್ಬಳ್ಳಿಗೆ ಬಂದ ದಿನದಿಂದಲೋ ಎಣಿಸಬೇಡಿ. ಪ್ಯಾರಾಸಿಟಮಾಲ್ ಕೊಟ್ಟ ಮೇಲೆ ನಾಲ್ಕು ತಾಸು ಜ್ವರ ಇಳಿದರೆ ಅದು ಬಿಟ್ಟ ಜ್ವರವಲ್ಲ, ಇಳಿಸಿದ ಜ್ವರ. ನೋಟ್‌ಬುಕ್ಕಿನ ಒಂದು ಪುಟ ಹೀಗಿದ್ದರೆ ಸಾಕು:

"ಮಂಗಳವಾರ, ಜ್ವರದ 3ನೆಯ ದಿನ. ಬೆಳಗ್ಗೆ 6ಕ್ಕೆ 102.8, ಸಿರಪ್ 5 ಮಿ.ಲೀ. ಬೆಳಗ್ಗೆ 8ಕ್ಕೆ 100.2. ಮಧ್ಯಾಹ್ನ 12ಕ್ಕೆ ಮತ್ತೆ 103. ಕಣ್ಣು ಕೆಂಪು, ಪಿಸುರಿಲ್ಲ. ಎರಡು ಸಲ ತೆಳು ಭೇದಿ. ಎತ್ತಿಕೊಂಡರೂ ಅಳು ನಿಲ್ಲಿಸುತ್ತಿಲ್ಲ."

ಕೊನೆಯ ಸಾಲನ್ನು ಹಲವರು ಬರೆಯುವುದೇ ಇಲ್ಲ. ಯಾವ ಸಮಾಧಾನಕ್ಕೂ ಬಗ್ಗದ ಈ ಕಿರಿಕಿರಿ ಕವಾಸಾಕಿ ರೋಗದ ಮಕ್ಕಳಲ್ಲಿ ಎದ್ದು ಕಾಣುವಂಥದ್ದು. ವೈದ್ಯರಿಗೆ ಅದೂ ಒಂದು ಸುಳಿವು. ಜ್ವರ ಮೂರು ದಿನ ದಾಟಿದರೆ ಹೇಗೂ ಮಕ್ಕಳ ವೈದ್ಯರನ್ನು ಕಾಣಬೇಕು. ಮಗು ಮಂಕಾಗಿ ಬಿದ್ದುಕೊಂಡರೆ, ಕೈಕಾಲು ತಣ್ಣಗಾದರೆ, ಮೂತ್ರ ಕಡಿಮೆಯಾದರೆ, ಉಸಿರಾಟ ಏರಿದರೆ ದಿನ ಎಣಿಸುತ್ತ ಕೂರದೆ 108ಕ್ಕೆ ಕರೆ ಮಾಡಿ.

ಹಂತ 2: ಐದು ಚಿಹ್ನೆಗಳನ್ನು ಒಂದೊಂದಾಗಿ ಹುಡುಕಿ

ಐದು ಅಥವಾ ಹೆಚ್ಚು ದಿನಗಳ ಜ್ವರದೊಂದಿಗೆ ಕೆಳಗಿನ ಐದರಲ್ಲಿ ನಾಲ್ಕು ಚಿಹ್ನೆಗಳಿದ್ದರೆ ಅದನ್ನು ಪೂರ್ಣ ಸ್ವರೂಪದ ಕವಾಸಾಕಿ ರೋಗವೆಂದು ಪರಿಗಣಿಸುತ್ತಾರೆ. ಚಿಹ್ನೆಗಳೆಲ್ಲ ಸ್ಪಷ್ಟವಾಗಿದ್ದರೆ ಅನುಭವಿ ವೈದ್ಯರು ನಾಲ್ಕನೆಯ ದಿನವೇ ನಿರ್ಧಾರಕ್ಕೆ ಬರುವುದುಂಟು.

ಕಣ್ಣು: ಎರಡೂ ಕಣ್ಣುಗಳ ಬಿಳಿಭಾಗ ಕೆಂಪಾಗುತ್ತದೆ, ಆದರೆ ಕೀವಾಗಲಿ ಪಿಸುರಾಗಲಿ ಇರುವುದಿಲ್ಲ. ಬೆಳಗ್ಗೆ ರೆಪ್ಪೆ ಅಂಟಿಕೊಂಡಿದ್ದರೆ ಅದು ಬೇರೆ ಸೋಂಕಿರುವ ಸಾಧ್ಯತೆ ಹೆಚ್ಚು.

ಬಾಯಿ: ತುಟಿ ಗಾಢ ಕೆಂಪಾಗಿ, ಒಣಗಿ, ಬಿರಿದು, ಕೆಲವೊಮ್ಮೆ ರಕ್ತ ಜಿನುಗುತ್ತದೆ. ನಾಲಿಗೆ ಕೆಂಪಾಗಿ ಅದರ ಮೇಲಿನ ಸಣ್ಣ ಕಾಳುಗಳು ಉಬ್ಬಿ ಕಾಣುತ್ತವೆ. ಪುಸ್ತಕಗಳಲ್ಲಿ ಇದನ್ನು ಸ್ಟ್ರಾಬೆರಿ ನಾಲಿಗೆ ಎನ್ನುತ್ತಾರೆ. ಆ ಹಣ್ಣನ್ನು ಕಾಣದವರು, ರವೆ ಉದುರಿಸಿದಂತೆ ತರಿತರಿಯಾದ ಕೆಂಪು ನಾಲಿಗೆ ಎಂದು ನೆನಪಿಟ್ಟುಕೊಂಡರಾಯಿತು.

ಮೈಮೇಲಿನ ದದ್ದು: ಇದಕ್ಕೆ ನಿಶ್ಚಿತ ರೂಪವಿಲ್ಲ. ದಡಾರದಂತೆಯೂ, ಪಿತ್ತದ ಗಂದೆಯಂತೆಯೂ ಕಾಣಬಹುದು, ತೊಡೆಸಂದಿಯಲ್ಲಿ ಹೆಚ್ಚಾಗಿರಬಹುದು. ನೀರು ತುಂಬಿದ ಗುಳ್ಳೆಗಳಾದರೆ ಬೇರೆ ರೋಗವನ್ನು ಯೋಚಿಸಬೇಕು. ನಮ್ಮ ಮಕ್ಕಳ ಕಂದು ಮೈಬಣ್ಣದಲ್ಲಿ ತೆಳುಗೆಂಪು ಸುಲಭವಾಗಿ ಕಾಣುವುದಿಲ್ಲ. ಟ್ಯೂಬ್‌ಲೈಟಿನ ಕೆಳಗಲ್ಲ, ಬಾಗಿಲ ಬಳಿ ಹಗಲು ಬೆಳಕಿನಲ್ಲಿ ನೋಡಿ.

ಕೈಕಾಲು: ಅಂಗೈ, ಅಂಗಾಲು ಕೆಂಪಾಗಿ, ಕೈ ಮತ್ತು ಪಾದಗಳ ಮೇಲ್ಭಾಗ ಬಾತುಕೊಳ್ಳುತ್ತದೆ. ಚಪ್ಪಲಿ ಹಿಡಿಯದಂತಾದರೆ, ಬಳೆ ಬಿಗಿಯಾದರೆ ಗಮನಿಸಿ. ಎರಡು ಮೂರು ವಾರಗಳ ನಂತರ ಉಗುರಿನ ಬುಡದಿಂದ ಚರ್ಮ ಉಳ್ಳಾಗಡ್ಡಿ ಸಿಪ್ಪೆಯ ಹಾಗೆ ಏಳುತ್ತದೆ. ಅನೇಕ ಮನೆಗಳಲ್ಲಿ ಅನುಮಾನ ಹುಟ್ಟುವುದೇ ಈ ಸಿಪ್ಪೆ ಎದ್ದಾಗ. ಅಷ್ಟು ಹೊತ್ತಿಗೆ ಚಿಕಿತ್ಸೆಯ ಹತ್ತು ದಿನಗಳು ಕಳೆದಿರುತ್ತವೆ.

ಕುತ್ತಿಗೆ: ಸಾಮಾನ್ಯವಾಗಿ ಒಂದೇ ಬದಿಯಲ್ಲಿ, ಒಂದೂವರೆ ಸೆಂಟಿಮೀಟರಿಗಿಂತ ದೊಡ್ಡದಾದ ಗಡ್ಡೆ ಕೈಗೆ ಸಿಗುತ್ತದೆ.

ಪಟ್ಟಿಯಲ್ಲಿಲ್ಲದ ಇನ್ನೊಂದು ಚಿಹ್ನೆ ನಮ್ಮಲ್ಲಿ ಬಹಳ ಉಪಯುಕ್ತ. ಹುಟ್ಟಿದಾಗ ಎಡತೋಳಿಗೆ ಹಾಕಿದ ಬಿಸಿಜಿ ಲಸಿಕೆಯ ಕಲೆ ಈ ರೋಗದಲ್ಲಿ ಏಕಾಏಕಿ ಕೆಂಪಾಗಿ ಗಟ್ಟಿಯಾಗಬಹುದು. ಜ್ವರದ ಮಗುವಿನ ಅಂಗಿ ಕಳಚಿ ಆ ಕಲೆಯನ್ನು ತಪ್ಪದೆ ನೋಡಿ.

ಸಾಮಾನ್ಯವಾಗಿ ಆಗುವ ತಪ್ಪು: ಐದೂ ಚಿಹ್ನೆಗಳು ಒಂದೇ ದಿನ ಒಟ್ಟಿಗೆ ಕಾಣಲೆಂದು ಕಾಯುವುದು. ಅವು ಒಂದರ ಹಿಂದೆ ಒಂದು ಬಂದು ಹೋಗುತ್ತವೆ. ಎರಡನೆಯ ದಿನ ಬಂದ ದದ್ದು ಐದನೆಯ ದಿನ ಆಸ್ಪತ್ರೆಗೆ ಹೋದಾಗ ಮಾಯವಾಗಿರಬಹುದು. ಆದ್ದರಿಂದಲೇ ಮೊಬೈಲ್ ಫೋಟೊ ಬೇಕು. ದಿನಕ್ಕೆ ಎರಡು ಸಲ ಕಣ್ಣು, ತುಟಿ, ಎದೆ, ಅಂಗೈಗಳ ಚಿತ್ರ ತೆಗೆಯಿರಿ. ಇನ್ನೊಂದು ತಪ್ಪು ನಮ್ಮ ಕಡೆಯದು: ಮೈಮೇಲೆ ದದ್ದು ಎದ್ದ ಕೂಡಲೇ ಗೊಬ್ಬರ (ದಡಾರ) ಎದ್ದಿದೆ ಎಂದು ಹಿರಿಯರು ತೀರ್ಮಾನಿಸಿ, ಬೇವಿನ ಸೊಪ್ಪು ಕಟ್ಟಿ, ಔಷಧ ನಿಲ್ಲಿಸಿ ಮಗುವನ್ನು ಒಳಗೆ ಮಲಗಿಸಿಬಿಡುವುದು. ಬೇವು ಬಾಗಿಲಲ್ಲಿರಲಿ, ಮಗು ವೈದ್ಯರ ಮುಂದಿರಲಿ.

ಹಂತ 3: ಒಂದು ವರ್ಷದೊಳಗಿನ ಕೂಸಾದರೆ ಇನ್ನಷ್ಟು ಎಚ್ಚರ

ಎಳೆಯ ಕೂಸುಗಳಲ್ಲಿ, ವಿಶೇಷವಾಗಿ ಆರು ತಿಂಗಳೊಳಗಿನವರಲ್ಲಿ, ಎರಡೋ ಮೂರೋ ಚಿಹ್ನೆಗಳಷ್ಟೇ ಕಾಣಬಹುದು. ಇದನ್ನು ಅಪೂರ್ಣ ಸ್ವರೂಪದ ಕವಾಸಾಕಿ ಎನ್ನುತ್ತಾರೆ. ಹೆಸರಿನಲ್ಲಿ ಅಪೂರ್ಣ ಎಂದಿದೆಯೆಂದು ಅಪಾಯ ಕಡಿಮೆಯಲ್ಲ; ಕರೋನರಿ ನಾಳ ಉಬ್ಬುವ ಸಂಭವ ಈ ವಯಸ್ಸಿನಲ್ಲಿಯೇ ಹೆಚ್ಚು. ಕಾರಣ ತಿಳಿಯದ ಜ್ವರ ಕೂಸಿಗೆ ಏಳು ದಿನ ಮುಂದುವರಿದರೆ, ಬೇರೆ ಯಾವ ಚಿಹ್ನೆಯೂ ಇಲ್ಲದಿದ್ದರೂ, ರಕ್ತಪರೀಕ್ಷೆ ಮತ್ತು ಎಕೋ (ಹೃದಯದ ಸ್ಕ್ಯಾನ್) ಮಾಡಿಸಬೇಕೆ ಎಂದು ವೈದ್ಯರನ್ನು ಕೇಳಿ.

ಹಂತ 4: ಎಲ್ಲಿಗೆ ಹೋಗಬೇಕು, ಏನು ಕೇಳಬೇಕು

ಗದಗ ಮತ್ತು ಹಾವೇರಿಗಳಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಎಲ್ಲರೂ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ಆಸ್ಪತ್ರೆಯಿದೆ, ಧಾರವಾಡದ ಸತ್ತೂರಿನಲ್ಲಿ ಎಸ್‌ಡಿಎಂ ಇದೆ. ಯಾವುದೇ ಆಸ್ಪತ್ರೆಗೆ ಹೊರಡುವ ಮೊದಲು ಫೋನ್ ಮಾಡಿ, ಮಕ್ಕಳ ಎಕೋ ಮಾಡುವವರು ಆ ದಿನ ಲಭ್ಯರಿದ್ದಾರೆಯೆ ಎಂದು ವಿಚಾರಿಸಿದರೆ, ಶಿರಹಟ್ಟಿಯಿಂದಲೋ ಹಾನಗಲ್ಲಿನಿಂದಲೋ ಬಂದ ಪ್ರಯಾಣ ವ್ಯರ್ಥವಾಗುವುದಿಲ್ಲ. ಎಕೋ ಎಂದರೆ ಶಬ್ದತರಂಗಗಳಿಂದ ಹೃದಯದ ಚಿತ್ರ ತೆಗೆಯುವ, ನೋವಿಲ್ಲದ ಪರೀಕ್ಷೆ. ಆದರೆ ಚಿಕ್ಕ ಮಗುವಿನ ಕರೋನರಿ ನಾಳ ಕೆಲವೇ ಮಿಲಿಮೀಟರ್ ಅಗಲದ್ದು. ಅದನ್ನು ಅಳೆದು, ಮಗುವಿನ ಎತ್ತರ ಮತ್ತು ತೂಕಕ್ಕೆ ಹೋಲಿಸಿ, ಝಡ್ ಸ್ಕೋರ್ ಎಂಬ ಅಂಕಿಯಾಗಿ ಬರೆಯುತ್ತಾರೆ. 2.5 ಅಥವಾ ಅದಕ್ಕೂ ಮೇಲಿದ್ದರೆ ಅದು ಅನ್ಯೂರಿಸಂ. ವರದಿಯಲ್ಲಿ ಬರೀ "ಹೃದಯ ನಾರ್ಮಲ್" ಎಂದಿದ್ದು ಕರೋನರಿ ನಾಳಗಳ ಅಳತೆಯೇ ಇಲ್ಲದಿದ್ದರೆ, ಅಳತೆ ಬರೆದುಕೊಡಿ ಎಂದು ವಿನಯದಿಂದ ಕೇಳಲು ಸಂಕೋಚ ಬೇಡ.

ವೈದ್ಯರಿಗೆ ಹೇಳಬೇಕಾದ ವಾಕ್ಯ ಸರಳವಾಗಿರಲಿ: "ಡಾಕ್ಟರ್, ಇವತ್ತಿಗೆ ಜ್ವರಕ್ಕೆ ಆರು ದಿನ. ಈ ಚಿತ್ರಗಳನ್ನು ನೋಡಿ. ಇದು ಕವಾಸಾಕಿ ಇರಬಹುದೆ?" ಇಂಟರ್ನೆಟ್ಟಿನಲ್ಲಿ ಓದಿದ್ದೇನೆ ಎಂದು ಆರಂಭಿಸುವುದಕ್ಕಿಂತ ನೋಟ್‌ಬುಕ್ಕನ್ನು ಮುಂದಿಡುವುದು ಹೆಚ್ಚು ಕೆಲಸ ಮಾಡುತ್ತದೆ. ನಮ್ಮ ಬಂಧುಗಳ ಮಗುವೊಂದಕ್ಕೆ ಮೂರು ಕಡೆ ಮೂರು ಆ್ಯಂಟಿಬಯೋಟಿಕ್ ಬದಲಾಗಿ, ಎಕೋ ಆದದ್ದು ಹನ್ನೊಂದನೆಯ ದಿನ. ಪ್ರತಿ ಹೊಸ ಜಾಗದಲ್ಲಿಯೂ ಪಾಲಕರು "ನಿನ್ನೆಯಿಂದ ಜ್ವರ ಜಾಸ್ತಿ" ಎಂದೇ ಹೇಳಿದ್ದರು; ಮೊದಲ ದಿನ ಯಾವುದೆಂದು ಯಾರೂ ಬರೆದಿರಲಿಲ್ಲ.

ಇನ್ನೊಂದು ಮಾತು: ಮೊದಲ ಎಕೋ ಸರಿಯಾಗಿದ್ದರೆ ರೋಗವಿಲ್ಲವೆಂದು ಅರ್ಥವಲ್ಲ. ನಾಳದ ಬದಲಾವಣೆ ಮೊದಲ ವಾರದಲ್ಲಿ ಕಾಣದೆ ನಂತರ ಕಾಣಬಹುದು.

ಹಂತ 5: ರಕ್ತದ ವರದಿ ಓದುವಾಗ ಡೆಂಗಿಯ ಕನ್ನಡಕ ತೆಗೆದಿಡಿ

ಮಳೆಗಾಲ ಬಂದರೆ ನಮ್ಮ ಊರುಗಳಲ್ಲಿ ಎಲ್ಲರ ಕಣ್ಣು ಪ್ಲೇಟ್‌ಲೆಟ್ ಮೇಲೆ. ಪ್ಲೇಟ್‌ಲೆಟ್ ಎಂದರೆ ರಕ್ತ ಹೆಪ್ಪುಗಟ್ಟಿಸುವ ಕಣ. ಡೆಂಗಿಯಲ್ಲಿ ಅದು ಇಳಿಯುತ್ತದೆ, ಆದ್ದರಿಂದ ಅಂಕಿ ಹೆಚ್ಚಿದ್ದರೆ ಮನೆಯವರು ನಿಟ್ಟುಸಿರು ಬಿಡುತ್ತಾರೆ. ಕವಾಸಾಕಿಯಲ್ಲಿ ಲೆಕ್ಕ ತಿರುವುಮುರುವು. ಮೊದಲ ವಾರ ಅದು ಸಾಮಾನ್ಯವಾಗಿದ್ದು, ಎರಡು ಮೂರನೆಯ ವಾರದಲ್ಲಿ ನಾಲ್ಕೂವರೆ ಲಕ್ಷ ದಾಟಿ, ಕೆಲವೊಮ್ಮೆ ಹತ್ತು ಲಕ್ಷದ ಹತ್ತಿರ ಹೋಗುತ್ತದೆ. "ಪ್ಲೇಟ್‌ಲೆಟ್ ಭರ್ಜರಿ ಇದೆ" ಎಂದು ಸಂತೋಷಪಡುವ ಮುನ್ನ ಜ್ವರದ ದಿನಗಳನ್ನು ಇನ್ನೊಮ್ಮೆ ಎಣಿಸಿ. ಉರಿಯೂತದ ಮಟ್ಟ ತೋರಿಸುವ ಸಿಆರ್‌ಪಿ ಮತ್ತು ಇಎಸ್‌ಆರ್ ಏರಿರುತ್ತವೆ. ಮೂತ್ರದಲ್ಲಿ ಬಿಳಿ ರಕ್ತಕಣಗಳಿದ್ದು, ಕಲ್ಚರ್ ಮಾಡಿದರೆ ಯಾವ ಬ್ಯಾಕ್ಟೀರಿಯಾವೂ ಬೆಳೆಯದಿರಬಹುದು. ಇದನ್ನು ಮೂತ್ರದ ಸೋಂಕು ಎಂದುಕೊಂಡು ದಿನಗಳು ಕಳೆಯುವುದೂ ಉಂಟು. ಕವಾಸಾಕಿಯನ್ನು ಒಂದೇ ಏಟಿಗೆ ಖಚಿತಪಡಿಸುವ ರಕ್ತಪರೀಕ್ಷೆ ಇಲ್ಲವೆಂಬುದನ್ನು ನೆನಪಿಡಿ.

ಹಂತ 6: ಕರುಳಿನ ಬ್ಯಾಕ್ಟೀರಿಯಾ: ತಿಳಿದದ್ದೆಷ್ಟು, ಮನೆಯಲ್ಲಿ ಮಾಡಬೇಕಾದದ್ದೇನು

ನಮ್ಮ ಕರುಳಿನಲ್ಲಿ ಲಕ್ಷ ಕೋಟಿಗಳ ಲೆಕ್ಕದಲ್ಲಿ ಬ್ಯಾಕ್ಟೀರಿಯಾಗಳು ವಾಸಿಸುತ್ತವೆ. ಈ ಸಮುದಾಯಕ್ಕೆ ಮೈಕ್ರೋಬಯೋಟಾ ಎಂದು ಹೆಸರು. ಹುಟ್ಟಿದಂದಿನಿಂದ ಕಟ್ಟಿಕೊಳ್ಳಲು ಆರಂಭಿಸಿ, ಸುಮಾರು ಮೂರು ವರ್ಷದ ಹೊತ್ತಿಗೆ ಅದು ದೊಡ್ಡವರ ಮಾದರಿಗೆ ಹತ್ತಿರವಾಗುತ್ತದೆ. ಕವಾಸಾಕಿ ರೋಗ ಹೆಚ್ಚಾಗಿ ಬರುವುದೂ ಈ ಎಳೆಯ ವಯಸ್ಸಿನಲ್ಲಿಯೇ. ಜೊತೆಗೆ ಅನೇಕ ಮಕ್ಕಳಿಗೆ ಜ್ವರದ ಆರಂಭದಲ್ಲಿ ಹೊಟ್ಟೆನೋವು, ವಾಂತಿ, ಭೇದಿ ಇರುತ್ತವೆ. ಆದ್ದರಿಂದ ಸಂಶೋಧಕರ ಗಮನ ಕರುಳಿನತ್ತ ಹೊರಳಿದ್ದು ಸಹಜ.

ಜಪಾನ್ ಮತ್ತು ಚೀನಾದಲ್ಲಿ ರೋಗಪೀಡಿತ ಮಕ್ಕಳ ಮಲವನ್ನು ಪರೀಕ್ಷಿಸಿದಾಗ, ರೋಗ ತೀವ್ರವಾಗಿದ್ದ ದಿನಗಳಲ್ಲಿ ಸ್ಟ್ರೆಪ್ಟೊಕಾಕಸ್, ಎಂಟೆರೊಕಾಕಸ್‌ನಂಥ ಗುಂಪುಗಳು ಹೆಚ್ಚಾಗಿದ್ದುದೂ, ಫೀಕ್ಯಾಲಿಬ್ಯಾಕ್ಟೀರಿಯಂ, ರೋಸ್‌ಬರಿಯಾಗಳಂಥ ಗುಂಪುಗಳು ಚೇತರಿಕೆಯ ನಂತರ ಹೆಚ್ಚಿದ್ದುದೂ ಕಂಡುಬಂದಿದೆ. ಈ ಎರಡನೆಯ ಗುಂಪಿನವು ನಾವು ತಿನ್ನುವ ನಾರಿನಂಶವನ್ನು ಹುದುಗಿಸಿ ಬ್ಯುಟಿರೇಟ್ ಎಂಬ ಆಮ್ಲವನ್ನು ತಯಾರಿಸುತ್ತವೆ. ಕರುಳಿನ ಒಳಪದರದ ಜೀವಕೋಶಗಳಿಗೆ ಅದು ಆಹಾರ. ರಕ್ಷಣಾ ವ್ಯವಸ್ಥೆಯನ್ನು ಹದದಲ್ಲಿಡಲೂ ಅದು ನೆರವಾಗುತ್ತದೆ. ಆ ಪದರ ಸಡಿಲವಾದರೆ ಬ್ಯಾಕ್ಟೀರಿಯಾದ ಚೂರುಗಳು ರಕ್ತಕ್ಕೆ ನುಸುಳಿ, ರಕ್ಷಣಾ ಕಣಗಳು ಕೆರಳಿ, ದೂರದ ರಕ್ತನಾಳಗಳಲ್ಲಿಯೂ ಉರಿಯೂತ ಏಳಬಹುದು ಎಂಬುದು ಊಹೆ. ಅಮೆರಿಕದ ಲಾಸ್ ಏಂಜಲೀಸ್‌ನ ಸೀಡರ್ಸ್ ಸೈನಾಯ್ ಕೇಂದ್ರದ ತಂಡ 2019ರಲ್ಲಿ ಇಲಿಗಳ ಮೇಲೆ ನಡೆಸಿದ ಅಧ್ಯಯನ ಇದಕ್ಕೆ ಬಲ ತಂದಿತು: ಕರುಳಿನ ಪದರದ ಸೋರಿಕೆಯನ್ನು ತಡೆದ ಇಲಿಗಳಲ್ಲಿ ರಕ್ತನಾಳದ ಉರಿಯೂತ ಕಡಿಮೆಯಾಯಿತು.

ಆದರೆ ಇಲಿಯಿಂದ ಮಗುವಿಗೆ ಬರುವಾಗ ನಿಧಾನಿಸಬೇಕು. ಅಧ್ಯಯನಗಳಲ್ಲಿದ್ದ ಮಕ್ಕಳ ಸಂಖ್ಯೆ ಸಣ್ಣದು. ಐದು ದಿನ ಸರಿಯಾಗಿ ಉಣ್ಣದ, ಆಗಲೇ ಎರಡು ಬಗೆಯ ಆ್ಯಂಟಿಬಯೋಟಿಕ್ ನುಂಗಿದ ಮಗುವಿನ ಕರುಳಿನ ಬ್ಯಾಕ್ಟೀರಿಯಾ ರೋಗವಿಲ್ಲದಿದ್ದರೂ ಏರುಪೇರಾಗುತ್ತದೆ. ಹೀಗಾಗಿ ಏರುಪೇರು ರೋಗಕ್ಕೆ ಕಾರಣವೊ, ರೋಗದ ಪರಿಣಾಮವೊ, ಔಷಧದ ಪರಿಣಾಮವೊ ಎಂಬುದು ಇತ್ಯರ್ಥವಾಗಿಲ್ಲ.

ಈಗ ನಿಮ್ಮ ಪ್ರಶ್ನೆಗಳಿಗೆ ಬರೋಣ.

ಮೊಸರು, ಮಜ್ಜಿಗೆ ನಿಲ್ಲಿಸಬೇಕೆ? ಬೇಡ. 1985ರಿಂದ ಬಳಕೆಯಲ್ಲಿರುವ ಇಲಿಗಳ ಪ್ರಯೋಗದಲ್ಲಿ ಲ್ಯಾಕ್ಟೋಬ್ಯಾಸಿಲಸ್ ಕೇಸೈ ಎಂಬ ಬ್ಯಾಕ್ಟೀರಿಯಾದ ಹೊರಗೋಡೆಯನ್ನು ಪ್ರಯೋಗಾಲಯದಲ್ಲಿ ಒಡೆದು, ಆ ಚೂರುಗಳನ್ನು ಇಲಿಯ ಹೊಟ್ಟೆಯೊಳಕ್ಕೆ ಚುಚ್ಚುತ್ತಾರೆ. ರೋಗವನ್ನು ಅಭ್ಯಾಸ ಮಾಡಲೆಂದು ಕೃತಕವಾಗಿ ಉರಿಯೂತ ಎಬ್ಬಿಸುವ ಉಪಾಯ ಅದು. ಹೆಪ್ಪು ಹಾಕಿದ ಮೊಸರನ್ನು ಬಾಯಿಂದ ಉಣ್ಣುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಮೊಸರು ತಿಂದ ಮಕ್ಕಳಿಗೆ ಕವಾಸಾಕಿ ಬರುತ್ತದೆ ಎನ್ನಲು ಆಧಾರವಿಲ್ಲ. ತುಟಿ ಬಿರಿದ ಮಗುವಿಗೆ ಜೋಳದ ನುಚ್ಚಿಗೆ ಹುಳಿಯಿಲ್ಲದ ಮಜ್ಜಿಗೆ ಕಲಸಿ ಸಡಿಲ ಮಾಡಿ, ಆರಿಸಿ ಉಣಿಸಿದರೆ ಅದಕ್ಕಿಂತ ಹಿತವಾದ ಊಟ ಸಿಗುವುದು ಕಷ್ಟ. ಹುಳಿಮಜ್ಜಿಗೆ, ಖಾರ, ಕಟಕ್ ರೊಟ್ಟಿಯ ಅಂಚು ಮಾತ್ರ ಬಿರಿದ ತುಟಿಗೆ ಉರಿ ತರುತ್ತವೆ, ಅವನ್ನು ಕೆಲವು ದಿನ ಬಿಡಿ.

ಪ್ರೊಬಯೋಟಿಕ್ ಪುಡಿ ಕೊಡಬೇಕೆ? ಔಷಧ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಈ ಪೊಟ್ಟಣಗಳಲ್ಲಿ ಜೀವಂತ ಬ್ಯಾಕ್ಟೀರಿಯಾ ಅಥವಾ ಯೀಸ್ಟ್ ಇರುತ್ತದೆ. ಕವಾಸಾಕಿ ರೋಗಕ್ಕೆ ಇದು ಚಿಕಿತ್ಸೆಯಲ್ಲ. ಯಾವ ಪ್ರಮುಖ ಚಿಕಿತ್ಸಾ ಮಾರ್ಗಸೂಚಿಯೂ ಇದನ್ನು ಸೂಚಿಸುವುದಿಲ್ಲ. ತೀವ್ರ ಅನಾರೋಗ್ಯದಲ್ಲಿರುವ, ರಕ್ಷಣಾಶಕ್ತಿ ಕುಗ್ಗಿಸುವ ಔಷಧ ಪಡೆಯುತ್ತಿರುವ ಅಥವಾ ದೊಡ್ಡ ರಕ್ತನಾಳಕ್ಕೆ ನಳಿಕೆ ಹಾಕಿಸಿಕೊಂಡ ಮಕ್ಕಳಲ್ಲಿ, ಅಪರೂಪಕ್ಕಾದರೂ, ಅದೇ ಸೂಕ್ಷ್ಮಜೀವಿ ರಕ್ತಕ್ಕೆ ಸೇರಿ ಸೋಂಕಾದ ಉದಾಹರಣೆಗಳಿವೆ. ಭೇದಿಗೆಂದು ವೈದ್ಯರೇ ಬರೆದುಕೊಟ್ಟರೆ ಕೊಡಿ, ನೀವಾಗಿ ಕೊಡಬೇಡಿ.

ಆ್ಯಂಟಿಬಯೋಟಿಕ್ ನಿಲ್ಲಿಸಿಬಿಡಬೇಕೆ? ಕವಾಸಾಕಿಯ ಜ್ವರ ಆ್ಯಂಟಿಬಯೋಟಿಕ್‌ಗೆ ಬಗ್ಗುವುದಿಲ್ಲ ಎಂಬುದು ನಿಜ. ಆದರೆ ಅದು ಕವಾಸಾಕಿಯೇ ಎಂದು ನಿಶ್ಚಯವಾಗುವವರೆಗೆ ಬೇರೆ ಗಂಭೀರ ಸೋಂಕಿನ ಅನುಮಾನದಿಂದ ವೈದ್ಯರು ಅದನ್ನು ಕೊಡಬೇಕಾಗಬಹುದು. ತಪ್ಪಿರುವುದು ಬೇರೆ ಕಡೆ: ಹಿಂದಿನ ಸಲದ ಉಳಿದ ಸಿರಪ್ಪನ್ನು ಮನೆಯಲ್ಲೇ ಕುಡಿಸುವುದು, ಅಂಗಡಿಯವರ ಮಾತಿನ ಮೇಲೆ ಇನ್ನೊಂದು ಬಾಟಲಿ ತರುವುದು, ಹೀಗೆ ಎರಡೆರಡು ದಿನಗಳಂತೆ ಸಮಯ ಸುಡುವುದು.

ಮಲದ ಮೈಕ್ರೋಬಯೋಮ್ ಪರೀಕ್ಷೆಯ ಜಾಹೀರಾತು ನೋಡಿ ಸಾವಿರಾರು ರೂಪಾಯಿ ಕಳೆಯಬೇಡಿ. ಆ ವರದಿಯಿಂದ ಈ ರೋಗವನ್ನು ಪತ್ತೆ ಮಾಡಲೂ ಆಗದು, ಅಳೆಯಲೂ ಆಗದು.

ಚೇತರಿಸಿಕೊಂಡ ಮಗುವಿಗೆ ಜೋಳದ ರೊಟ್ಟಿ, ಮೊಳಕೆ ಹೆಸರುಕಾಳು, ಮೆಂತೆಪಲ್ಯ, ಬಾಳೆಹಣ್ಣು, ಮನೆಯ ಮೊಸರು ಕೊಡುತ್ತಿದ್ದರೆ ಬ್ಯುಟಿರೇಟ್ ತಯಾರಿಸುವ ಬ್ಯಾಕ್ಟೀರಿಯಾಗಳಿಗೆ ಬೇಕಾದ ನಾರು ಸಿಗುತ್ತದೆ. ಇದು ಒಳ್ಳೆಯ ಊಟ. ರೋಗ ಮರಳದಂತೆ ತಡೆಯುವ ಮದ್ದು ಎಂದು ಮಾತ್ರ ಭಾವಿಸಬೇಡಿ.

ಹಂತ 7: ಆಸ್ಪತ್ರೆಯಲ್ಲಿ ನಡೆಯುವ ಚಿಕಿತ್ಸೆ

ಮುಖ್ಯ ಔಷಧ ಐವಿಐಜಿ, ಅಂದರೆ ಸಾವಿರಾರು ರಕ್ತದಾನಿಗಳ ಪ್ಲಾಸ್ಮಾದಿಂದ ಬೇರ್ಪಡಿಸಿದ ಪ್ರತಿಕಾಯಗಳ ದ್ರಾವಣ. ಮಗುವಿನ ತೂಕದ ಪ್ರತಿ ಕಿಲೋಗೆ 2 ಗ್ರಾಂ ಲೆಕ್ಕದಲ್ಲಿ, ಸುಮಾರು 10ರಿಂದ 12 ತಾಸುಗಳ ಕಾಲ ರಕ್ತನಾಳದ ಮೂಲಕ ನಿಧಾನವಾಗಿ ಹರಿಸುತ್ತಾರೆ. 12 ಕಿಲೋ ತೂಕದ ಮಗುವಿಗೆ 24 ಗ್ರಾಂ, ಅಂದರೆ 5 ಗ್ರಾಂನ ಐದು ಬಾಟಲಿಗಳು ಬೇಕಾಗುತ್ತವೆ. ಚಿಕಿತ್ಸೆಯಿಲ್ಲದಿದ್ದರೆ ನಾಲ್ಕೈದು ಮಕ್ಕಳಲ್ಲಿ ಒಬ್ಬರಿಗೆ ಕರೋನರಿ ನಾಳ ಉಬ್ಬುತ್ತದೆ. ಹತ್ತು ದಿನಗಳೊಳಗೆ ಇದನ್ನು ಕೊಟ್ಟರೆ ಆ ಪ್ರಮಾಣ ನೂರಕ್ಕೆ ನಾಲ್ಕೈದಕ್ಕೆ ಇಳಿಯುತ್ತದೆ. ಹತ್ತು ದಿನ ಮೀರಿದೆಯೆಂದು ಮನೆಗೆ ಮರಳಬೇಡಿ. ಜ್ವರವೋ ಉರಿಯೂತದ ಅಂಕಿಗಳೋ ಇಳಿಯದಿದ್ದರೆ ನಂತರವೂ ಕೊಡುತ್ತಾರೆ.

ಔಷಧ ದುಬಾರಿ. ಮಗು ದಾಖಲಾದ ದಿನವೇ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಆರೋಗ್ಯ ಮಿತ್ರರನ್ನು ಕಂಡು, ಯೋಜನೆಯಡಿ ಏನು ದೊರೆಯುತ್ತದೆಂದು ವಿಚಾರಿಸಿ. ಬಿಲ್ ಕಟ್ಟಿದ ಮೇಲೆ ಕೇಳಿದರೆ ಉಪಯೋಗವಾಗದು.

ಔಷಧ ಹರಿಯುವಾಗ ಮಗು ನಡುಗಿದರೆ, ಮೈ ಕಡಿತ ಆರಂಭವಾದರೆ ಕೂಡಲೇ ನರ್ಸ್ ಅವರನ್ನು ಕರೆಯಿರಿ. ಐವಿಐಜಿ ಮುಗಿದು 36 ತಾಸುಗಳಾದ ಮೇಲೂ ಜ್ವರ ಉಳಿದರೆ ಅಥವಾ ಮರಳಿದರೆ ಅದನ್ನು ಔಷಧಕ್ಕೆ ಬಗ್ಗದ ರೋಗವೆಂದು ಪರಿಗಣಿಸಿ, ಎರಡನೆಯ ಸಲ ಐವಿಐಜಿ, ಸ್ಟಿರಾಯ್ಡ್ ಅಥವಾ ಉರಿಯೂತ ತಗ್ಗಿಸುವ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಔಷಧವನ್ನು ಯೋಚಿಸುತ್ತಾರೆ. ನೂರಕ್ಕೆ ಹತ್ತರಿಂದ ಇಪ್ಪತ್ತು ಮಕ್ಕಳಲ್ಲಿ ಹೀಗಾಗುವುದರಿಂದ ಧೈರ್ಯಗೆಡಬೇಡಿ.

ಜೊತೆಗೆ ಆ್ಯಸ್ಪಿರಿನ್ ಕೊಡುತ್ತಾರೆ. ಜ್ವರವಿರುವಾಗ ಹೆಚ್ಚಿನ ಪ್ರಮಾಣದಲ್ಲಿ, ಜ್ವರ ಇಳಿದ ಮೇಲೆ ದಿನಕ್ಕೆ ಕಿಲೋಗೆ 3ರಿಂದ 5 ಮಿಲಿಗ್ರಾಂನಂತೆ, ಸಾಮಾನ್ಯವಾಗಿ ಆರೆಂಟು ವಾರ. ಡೆಂಗಿಯ ಸಾಧ್ಯತೆ ಇರುವ ನಮ್ಮಲ್ಲಿ ರೋಗ ನಿಶ್ಚಯವಾಗುವ ಮೊದಲು ಮನೆಯಲ್ಲಿ ಮಗುವಿಗೆ ಆ್ಯಸ್ಪಿರಿನ್ ಗುಳಿಗೆ ಕೊಡುವುದು ಅಪಾಯ.

ಹಂತ 8: ದದ್ದು ಕಾಲಿನಲ್ಲಷ್ಟೇ ಇದ್ದರೆ

ಮಕ್ಕಳ ರಕ್ತನಾಳದ ಉರಿಯೂತದಲ್ಲಿ ಇನ್ನೊಂದು ಬಗೆಯಿದೆ: ಐಜಿಎ ವ್ಯಾಸ್ಕುಲೈಟಿಸ್, ಹಳೆಯ ಹೆಸರು ಹೆನಾಕ್ ಶೋನ್‌ಲೈನ್ ಪರ್ಪ್ಯೂರಾ. ಇಲ್ಲಿ ಕಾಲು ಮತ್ತು ಪೃಷ್ಠದ ಮೇಲೆ ನೇರಳೆಗೆಂಪಿನ, ಕೈಗೆ ತಾಕುವ ಚುಕ್ಕೆಗಳು ಏಳುತ್ತವೆ. ಗಾಜಿನ ಲೋಟದಿಂದ ಒತ್ತಿದರೆ ಬಣ್ಣ ಮಾಸುವುದಿಲ್ಲ. ಕೀಲುನೋವು, ಹೊಟ್ಟೆನೋವು ಜೊತೆಗಿರುತ್ತವೆ. ಪ್ಲೇಟ್‌ಲೆಟ್ ಕಡಿಮೆಯಾಗಿರುವುದಿಲ್ಲ. ಬಹುತೇಕ ಮಕ್ಕಳು ತಾವಾಗಿ ಚೇತರಿಸಿಕೊಳ್ಳುತ್ತಾರೆ. ಆದರೆ ತಡೆಯಲಾರದ ಹೊಟ್ಟೆನೋವು, ಮಲದಲ್ಲಿ ರಕ್ತ ಕಂಡರೆ ಕರುಳು ಒಂದರೊಳಗೊಂದು ಸೇರಿಕೊಂಡಿರಬಹುದು, ತಡ ಮಾಡಬೇಡಿ. ದದ್ದು ಮಾಯವಾದ ಮೇಲೂ ಆರು ತಿಂಗಳವರೆಗೆ ಮೂತ್ರಪರೀಕ್ಷೆ ಮತ್ತು ರಕ್ತದೊತ್ತಡ ತಪಾಸಣೆ ಮುಂದುವರಿಸಬೇಕು, ಏಕೆಂದರೆ ಮೂತ್ರಪಿಂಡದ ತೊಂದರೆ ನೋವಿಲ್ಲದೆ ಬರುತ್ತದೆ.

ಹಂತ 9: ಮನೆಗೆ ಬಂದ ಮೇಲೆ

ಎಕೋ ದಿನಾಂಕಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಸಿ: ರೋಗ ಪತ್ತೆಯಾದಾಗ, ಚಿಕಿತ್ಸೆಯ ಒಂದೆರಡು ವಾರಗಳ ನಂತರ, ಮತ್ತೆ ನಾಲ್ಕರಿಂದ ಆರು ವಾರಗಳ ನಂತರ. ಮಗು ಓಣಿಯಲ್ಲಿ ಓಡಾಡಿ ಆಡುತ್ತಿದೆಯೆಂದು ಮೂರನೆಯ ಎಕೋ ತಪ್ಪಿಸುವವರೇ ಹೆಚ್ಚು. ಉಬ್ಬಿದ ನಾಳ ನೋವು ಕೊಡುವುದಿಲ್ಲ. ಆ ಎಕೋ ಸರಿಯಾಗಿದ್ದರೆ ಸಾಮಾನ್ಯವಾಗಿ ಆ್ಯಸ್ಪಿರಿನ್ ನಿಲ್ಲಿಸುತ್ತಾರೆ, ಆಟಪಾಠಗಳಿಗೆ ಅಡ್ಡಿಯಿಲ್ಲ. ಉಬ್ಬು ಉಳಿದಿದ್ದರೆ ಮಕ್ಕಳ ಹೃದ್ರೋಗ ತಜ್ಞರ ಬಳಿ ವರ್ಷಗಟ್ಟಲೆ ತಪಾಸಣೆ ಇರುತ್ತದೆ.

ಆ್ಯಸ್ಪಿರಿನ್ ಅನ್ನು ಊಟದ ನಂತರ ಕೊಡಿ. ಅದು ನಡೆಯುತ್ತಿರುವಾಗ ಜ್ವರ ಬಂದರೆ ಐಬುಪ್ರೊಫೆನ್ ಕೊಡಬೇಡಿ, ಅದು ಆ್ಯಸ್ಪಿರಿನ್ನಿನ ಕೆಲಸಕ್ಕೆ ಅಡ್ಡ ಬರುತ್ತದೆ. ಮನೆಯಲ್ಲಿ ಅಥವಾ ಅಂಗನವಾಡಿಯಲ್ಲಿ ಯಾರಿಗಾದರೂ ಸಿಡುಬಿನಂಥ ನೀರುಗುಳ್ಳೆ (ಚಿಕನ್‌ಪಾಕ್ಸ್) ಅಥವಾ ಫ್ಲೂ ಬಂದರೆ ಅದೇ ದಿನ ವೈದ್ಯರಿಗೆ ತಿಳಿಸಿ. ಆ ಸೋಂಕುಗಳೊಡನೆ ಆ್ಯಸ್ಪಿರಿನ್ ಸೇರಿದರೆ ಯಕೃತ್ತು ಮತ್ತು ಮಿದುಳಿಗೆ ಪೆಟ್ಟು ಕೊಡುವ ರೇ ಸಿಂಡ್ರೋಮ್ ಎಂಬ ಅಪರೂಪದ ಅಪಾಯವಿದೆ.

ಕೊನೆಯದು ಲಸಿಕೆ. ಐವಿಐಜಿಯಲ್ಲಿರುವ ಪ್ರತಿಕಾಯಗಳು ದಡಾರ–ರುಬೆಲ್ಲಾ ಮತ್ತು ನೀರುಗುಳ್ಳೆಯಂಥ ಜೀವಂತ ಲಸಿಕೆಗಳನ್ನು ನಿಷ್ಫಲಗೊಳಿಸುವುದರಿಂದ, ಇವನ್ನು ಸಾಮಾನ್ಯವಾಗಿ 11 ತಿಂಗಳು ಮುಂದೂಡುತ್ತಾರೆ. ಸರ್ಕಾರಿ ವೇಳಾಪಟ್ಟಿಯಲ್ಲಿ ದಡಾರ–ರುಬೆಲ್ಲಾ ಲಸಿಕೆ 9 ತಿಂಗಳು ತುಂಬಿದಾಗ ಮತ್ತು 16ರಿಂದ 24 ತಿಂಗಳೊಳಗೆ ಬರುತ್ತದೆ. ಆಶಾ ಕಾರ್ಯಕರ್ತೆಯವರು ಮನೆಗೆ ಬಂದು ಕರೆದಾಗ ಗೊಂದಲವಾಗದಂತೆ, ಐವಿಐಜಿ ಕೊಟ್ಟ ದಿನಾಂಕವನ್ನೂ ಜೀವಂತ ಲಸಿಕೆ ಹಾಕಿಸಬಹುದಾದ ದಿನಾಂಕವನ್ನೂ ಆಸ್ಪತ್ರೆಯಿಂದಲೇ ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಪೋಲಿಯೊ ಹನಿಗೂ ಜೀವಂತವಲ್ಲದ ಲಸಿಕೆಗಳಿಗೂ ಈ ತಡೆಯಿಲ್ಲ. ಲೆಕ್ಕ ಅಜ್ಜಿಗೂ ನೆನಪಿರಬೇಕಾದರೆ ಹೀಗೆ ಹೇಳಿಕೊಡಿ: ಔಷಧ ಭಾದ್ರಪದದ ಚೌತಿಗೆ ಹರಿಸಿದ್ದರೆ, ದಡಾರದ ಸೂಜಿ ಮುಂದಿನ ವರ್ಷದ ಶ್ರಾವಣ ಕಳೆಯುವ ಹೊತ್ತಿಗೆ.